ರೆಫರಿ ತನ್ನ ಮೇಲೆ ತಾನೇ ಬರೆದ ವರದಿ

ಗೆ,
ಮಾನ್ಯ ಅಧ್ಯಕ್ಷರು, ರೆಫರಿಗಳ ಶಿಸ್ತು ಸಮಿತಿ,
ಫುಟ್‌ಬಾಲ್ ಸಂಘದ ಕಚೇರಿ, ಮೂರನೇ ಮಹಡಿ (ಲಿಫ್ಟ್ ಕೆಟ್ಟಿದೆ), ಪುಣೆ.

ಮಾನ್ಯರೇ,

ಪುಣೆ ಮಹಾನಗರದ ಸಮಸ್ತ ನಾಗರಿಕರಿಗೂ, ತಮಗೂ, ತಮ್ಮ ಸಮಿತಿಯ ಆರು ಮಂದಿ ಗೌರವಾನ್ವಿತ ಸದಸ್ಯರಿಗೂ ಈ ಮೂಲಕ ಘೋಷಿಸುವುದೇನೆಂದರೆ: ಕಳೆದ ಸೋಮವಾರ ಬೆಳಿಗ್ಗೆ ಏಳು ಗಂಟೆಯಿಂದ ಜಾರಿಗೆ ಬರುವಂತೆ, ಶಿವಾಜಿನಗರ ಕೋರ್ಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಹೋಟೆಲಿನಲ್ಲಿ ಸಾಂಬಾರನ್ನು ಇಡ್ಲಿಯ ನೆತ್ತಿಯ ಮೇಲೆ ಸುರಿಯುವ ಪದ್ಧತಿಯನ್ನು ರದ್ದುಪಡಿಸಿ, ಇನ್ನು ಮುಂದೆ ಬೇರೆ ಬಟ್ಟಲಿನಲ್ಲಿ ಕೊಡಲಾಗುವುದು. ಇದು ಹಗುರವಾಗಿ ಕೈಗೊಂಡ ನಿರ್ಣಯವಲ್ಲ. ವಕೀಲರೊಬ್ಬರು ತಮ್ಮ ಇಡ್ಲಿ ಉಸಿರುಗಟ್ಟಿ ತೀರಿಕೊಂಡಿದೆಯೆಂದು ದೂರು ಕೊಟ್ಟರು. ದೂರು ಕೊಟ್ಟವರನ್ನು ಕೇಳಲಾಯಿತು, ಸುರಿದವನನ್ನು ಕೇಳಲಾಯಿತು, ಪಕ್ಕದ ಮೇಜಿನವರನ್ನು ಕೇಳಲಾಯಿತು. ಮೂರನೆಯ ದಿನ ತೀರ್ಪನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ಹಾಕಲಾಯಿತು.

ಒಂದು ಇಡ್ಲಿಯ ವಿಷಯದಲ್ಲಿ ಹೋಟೆಲಿನವರಿಗೆ ಇಷ್ಟು ಸಾಧ್ಯವಾಯಿತು. ಒಬ್ಬ ರೆಫರಿ ಮೈದಾನದಲ್ಲಿ ಆಟಗಾರನ ಚಹರೆಯನ್ನು ಹಿಡಿದು ಜನಾಂಗೀಯ ನಿಂದನೆ ಮಾಡಿದನೋ ಇಲ್ಲವೋ ಎಂಬ ವಿಷಯದಲ್ಲಿ, ಮೂರು ಜನರನ್ನು ಕೂರಿಸಿ ಒಂದೊಂದು ಪ್ರಶ್ನೆ ಕೇಳಲು ತಮ್ಮ ಸಮಿತಿಗೆ ಹದಿನಾಲ್ಕು ತಿಂಗಳು ಸಾಲಲಿಲ್ಲ. ಇದೇ ನನ್ನ ಅಹವಾಲು. ಉಳಿದದ್ದೆಲ್ಲ ಇದರ ವಿವರ, ಸ್ವಲ್ಪ ಒಗ್ಗರಣೆ.

ಪತ್ರ ಕನ್ನಡದಲ್ಲಿದೆ ಎಂದು ತಾವು ಹುಬ್ಬೇರಿಸಬಹುದು. ಇದಕ್ಕೆ ಮುಂಚೆ ಮರಾಠಿಯಲ್ಲಿ ಎರಡು, ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ತಾವು ಯಾವುದನ್ನೂ ಓದಲಿಲ್ಲ. ಓದದೇ ಇರುವ ಪತ್ರ ಯಾವ ಭಾಷೆಯಲ್ಲಿದ್ದರೇನು? ಬರೆಯುವವನಿಗಾದರೂ ಸುಖವಾಗಲಿ ಎಂದು ಈ ಸಲ ನನ್ನ ಭಾಷೆಯಲ್ಲಿ, ಪುಣೆಯ ಕನ್ನಡಿಗರ ಈ ಮಾಸಪತ್ರಿಕೆಯಲ್ಲಿ, ಎಲ್ಲರೆದುರಿಗೇ ಬರೆಯುತ್ತಿದ್ದೇನೆ. ಮರಾಠಿ ಅನುವಾದವನ್ನು ಕಚೇರಿಗೆ ಕಳಿಸಿದ್ದೇನೆ. ಅದನ್ನು ತಾವು ಎಂದಿನಂತೆ ಓದದೆ ಇಟ್ಟುಕೊಳ್ಳಬಹುದು.

ರೆಫರಿಯ ಹೆಸರು ದತ್ತು. ಅವನ ತಂದೆ ಶಂಕ್ರೆಪ್ಪ, ತಾಯಿ ಸಾಬವ್ವ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಕಾತ್ರಜದಲ್ಲಿ ನೆಲೆನಿಂತವರು. ದತ್ತು ವಾರವಿಡೀ ಭೋಸರಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಲ್ಲುತ್ತಾನೆ, ಶನಿವಾರ ಭಾನುವಾರ ಸೀಟಿ ಊದುತ್ತಿದ್ದ. ಹನ್ನೊಂದು ವರ್ಷ ಊದಿ, ಶಾಲೆ ಪಂದ್ಯದಿಂದ ಹತ್ತಿ ಹತ್ತಿ, ವೃತ್ತಿಪರ ಲೀಗಿನ ತನಕ ಬಂದ. ಅವನು ನಮ್ಮ ಹೋಟೆಲಿನ ಗಿರಾಕಿ, ಅರ್ಧ ಸಕ್ಕರೆ ಚಹಾದವನು. ದೂರು ಕೊಟ್ಟ ಆಟಗಾರನೂ ನಮ್ಮ ಗಿರಾಕಿಯೇ. ಈಶಾನ್ಯದ ಗುಡ್ಡಗಾಡಿನಿಂದ ಬಂದು ನಾಲ್ಕು ವರ್ಷದಿಂದ ಇಲ್ಲಿಯ ಕ್ಲಬ್ಬಿಗೆ ಆಡುತ್ತಿದ್ದಾನೆ, ಇಪ್ಪತ್ತಾರು ವಯಸ್ಸು. ನೀರುದೋಸೆಯನ್ನು ಚಟ್ನಿಯಿಲ್ಲದೆ ತಿನ್ನುವುದೊಂದು ಬಿಟ್ಟರೆ ಅವನಲ್ಲಿ ನನಗೆ ಯಾವ ದೋಷವೂ ಕಂಡಿಲ್ಲ. ಇಂಥ ದೂರು ಕೊಟ್ಟವನ ಹೆಸರು ಪತ್ರಿಕೆಯಲ್ಲಿ ಬಂದರೆ ಏನೇನಾಗುತ್ತದೆಂದು ನೋಡಿದ್ದೇನೆ. ಆದ್ದರಿಂದ ಅವನನ್ನು ಅಂಗಿಯ ಮೇಲಿನ ಅಂಕಿಯಿಂದಲೇ ಕರೆಯೋಣ: ಹನ್ನೊಂದನೇ ನಂಬರಿನವನು.

ಕಳೆದ ವರ್ಷ ಮಾರ್ಚಿ ತಿಂಗಳ ಒಂದು ಭಾನುವಾರದ ಪಂದ್ಯ. ಮೂವತ್ತೆಂಟನೇ ನಿಮಿಷ. ಪಶ್ಚಿಮದ ಸ್ಟ್ಯಾಂಡಿನ ಬದಿಯ ಮೂಲೆಯಲ್ಲಿ ಕಾರ್ನರ್ ಕಿಕ್ಕಿಗೆ ನೂಕುನುಗ್ಗಲು. ದತ್ತು ಹನ್ನೊಂದನೇ ನಂಬರಿನವನಿಗೆ ಹಳದಿ ಕಾರ್ಡು ತೋರಿಸಿದ. ಆತ ತಿರುಗಿ ಹೋಗುತ್ತಿದ್ದವನು ಥಟ್ಟನೆ ನಿಂತ, ತನ್ನ ನಾಯಕನನ್ನು ಕರೆದ. ಇಬ್ಬರೂ ಬಂದು ದತ್ತುವಿನ ಮುಂದೆಯೇ ಹೇಳಿದರು: ರೆಫರಿ ಈಗ ಒಂದು ಮಾತು ಅಂದರು. ಆ ಮಾತು ಯಾವುದೆಂದು ನಾನು ಬರೆಯುವುದಿಲ್ಲ. ಬಾಡಿಗೆ ಮನೆ ಕೇಳಲು ಹೋದಾಗ, ಸಿಗ್ನಲ್ಲಿನಲ್ಲಿ ನಿಂತಾಗ, ಈ ಊರು ಅವನಿಗೆ ದಿನಾ ಪುಕ್ಕಟೆಯಾಗಿ ಕೊಡುವ ಮಾತು ಅದು. ದತ್ತು, ನಾನು ಅಂದಿಲ್ಲ ಎಂದ.

ಇಲ್ಲಿ ಬೇರೆ ಯಾರೇ ಆಗಿದ್ದರೂ ಏನು ಮಾಡುತ್ತಿದ್ದರು? ಸೀಟಿ ಊದಿ ಆಟ ಮುಂದುವರಿಸುತ್ತಿದ್ದರು. ದತ್ತು ಆಟ ನಿಲ್ಲಿಸಿದ. ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. ಮೈದಾನದಲ್ಲಿ ಆಟಗಾರ ಕೊಟ್ಟ ಪ್ರತಿಯೊಂದು ದೂರನ್ನೂ ರೆಫರಿ ತನ್ನ ವರದಿಯಲ್ಲಿ ಕಾಣಿಸಬೇಕು ಎಂಬುದು ತಮ್ಮದೇ ನಿಯಮ. ದೂರು ರೆಫರಿಯ ಮೇಲೆಯೇ ಇದ್ದರೆ ಏನು ಮಾಡಬೇಕೆಂದು ನಿಯಮ ಬರೆದವರು ಯೋಚಿಸಿರಲಿಲ್ಲ, ದತ್ತುವೂ ಯೋಚಿಸಲಿಲ್ಲ. ಅಂದು ಸಂಜೆ ವರದಿಯ ಫಾರಂ ತುಂಬಿ, ತನ್ನ ಮುದ್ದಾದ ಅಕ್ಷರದಲ್ಲಿ, ತನ್ನನ್ನೇ ಮೂರನೆಯವನಂತೆ ಇಟ್ಟುಕೊಂಡು ಬರೆದ: "೩೮ನೇ ನಿಮಿಷ. ೧೧ನೇ ನಂಬರಿನ ಆಟಗಾರನು, ರೆಫರಿಯು ತನ್ನ ಚಹರೆ ಕುರಿತು ಅವಹೇಳನದ ಮಾತನ್ನಾಡಿದರೆಂದು ನಾಯಕನ ಸಮಕ್ಷಮ ದೂರಿದನು. ರೆಫರಿಯು ನಿರಾಕರಿಸಿದನು." ಕೆಳಗೆ ಸಹಿ, ತಾರೀಕು. ಜಗತ್ತಿನ ಇತಿಹಾಸದಲ್ಲಿ ತನ್ನ ಮೇಲಿನ ಆರೋಪಪಟ್ಟಿಯನ್ನು ತಾನೇ ತಪ್ಪಿಲ್ಲದೆ ಬರೆದು, ತಾನೇ ಸಹಿ ಹಾಕಿ, ತಾನೇ ಮೂರು ಮಹಡಿ ಹತ್ತಿ ಹೋಗಿ ಸಲ್ಲಿಸಿದವರ ಯಾದಿ ತೆಗೆದರೆ ಬಹುಶಃ ದತ್ತು ಒಬ್ಬನೇ ಸಿಕ್ಕಾನು.

ಯಾಕಪ್ಪಾ ಹಾಗೆ ಮಾಡಿದೆ ಎಂದು ನಾನು ಕೇಳಿದೆ.

"ನಾ ಅಂದಿಲ್ರಿ ಅಣ್ಣಾರ," ಎಂದ. "ಆದ್ರ ಅಂವ ದೂರು ಕೊಟ್ಟಾನ. ಕೊಟ್ಟದ್ದು ಬರೀಲಿಲ್ಲಂದ್ರ ನಾ ಎಂಥಾ ರೆಫರಿ?"

ಇನ್ನು ತಮ್ಮ ಕಚೇರಿಯ ಪ್ರತಿಭೆಗೆ ಬರೋಣ. ಪಂದ್ಯದ ಸಂಗತಿಗಳ ಬಗ್ಗೆ ರೆಫರಿಯ ವರದಿಯೇ ಅಂತಿಮ, ಅದನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂಬುದು ತಮ್ಮ ಇನ್ನೊಂದು ನಿಯಮ. ಆಟಗಾರ ಒದ್ದ ಎಂದು ರೆಫರಿ ಬರೆದರೆ ಒದ್ದ. ಒದೆಯಲಿಲ್ಲ ಎಂದು ಬರೆದರೆ, ಎದುರಾಳಿಯ ಮುರಿದ ಮೂಳೆಯೇ ಸುಳ್ಳುಗಾರ. ದತ್ತುವಿನ ವರದಿ ಕೈಗೆ ಬಂದಾಗ ಕಚೇರಿ ಪೇಚಿಗೆ ಸಿಕ್ಕಿತು. ವರದಿಯಲ್ಲಿ ದೂರು ಇದೆ, ಆದ್ದರಿಂದ ದೂರು ಪ್ರಶ್ನಾತೀತ. ವರದಿಯಲ್ಲಿ ನಿರಾಕರಣೆ ಇದೆ, ಆದ್ದರಿಂದ ನಿರಾಕರಣೆಯೂ ಪ್ರಶ್ನಾತೀತ. ಎರಡೂ ಪ್ರಶ್ನಾತೀತವಾದ ಮೇಲೆ ಯಾರನ್ನಾದರೂ ಪ್ರಶ್ನೆ ಕೇಳುವುದೇ ನಿಯಮಬಾಹಿರವಲ್ಲವೇ? ಕಡತದ ಮೇಲೆ "ಪರಿಶೀಲನೆಯಲ್ಲಿದೆ" ಎಂದು ಬರೆದರು. ಅದು ಇಂದಿಗೂ ಅಲ್ಲಿಯೇ ಇದೆ. ನಾನೇ ಕಣ್ಣಾರೆ ಕಂಡಿದ್ದೇನೆ. ಮೇಲೆ ಒಂದು ಪೇಪರ್‌ವೇಟ್ ಇದೆ, ಅದರೊಳಗೆ ಒಂದು ಪ್ಲಾಸ್ಟಿಕ್ ಮೀನು ಇದೆ.

ಕಂಡದ್ದು ಹೇಗೆಂದರೆ, ದತ್ತುವನ್ನು ಕರೆದುಕೊಂಡು ನಾನೇ ತಮ್ಮ ಕಚೇರಿಗೆ ಬಂದಿದ್ದೆ. ತಾವು ಇರಲಿಲ್ಲ. ತಾವು ಇಲ್ಲದಿರುವುದನ್ನು ಗುಮಾಸ್ತೆ ಶರ್ವರಿತಾಯಿ ಅವರು ಬಹಳ ಸೌಜನ್ಯದಿಂದ ತಿಳಿಸಿದರು. ಇವನನ್ನು ಅಮಾನತು ಮಾಡಿದ ಆದೇಶದ ಪ್ರತಿ ಕೊಡಿ, ಮೇಲ್ಮನವಿ ಹಾಕುತ್ತೇವೆ ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ಅಮಾನತು ಮಾಡಿದವರು ಯಾರು? ಯಾರೂ ಮಾಡಿಲ್ಲ. ಪ್ರತಿ ಗುರುವಾರ ಸಂಜೆ ವಾರಾಂತ್ಯದ ಪಂದ್ಯಗಳ ರೆಫರಿಗಳ ಪಟ್ಟಿ ಮೊಬೈಲಿಗೆ ಬರುತ್ತದೆ. ಅದರಲ್ಲಿ ದತ್ತುವಿನ ಹೆಸರು ಇರುವುದಿಲ್ಲ, ಅಷ್ಟೇ. ಹೆಸರು ಇಲ್ಲದಿರುವುದಕ್ಕೆ ಆದೇಶ ಎಲ್ಲಿಂದ ತರುವುದು ಎಂದು ಅವರೇ ನನ್ನನ್ನು ಮರಾಠಿಯಲ್ಲಿ ಕೇಳಿದರು. ನಮ್ಮಲ್ಲಿಗೆ ತಿಂಡಿಗೆ ಬರುವ ವಕೀಲರನ್ನು ವಿಚಾರಿಸಿದೆ. ಆದೇಶ ಇದ್ದರೆ ಅದನ್ನು ಪ್ರಶ್ನಿಸಬಹುದು, ಇಲ್ಲದ್ದನ್ನು ಪ್ರಶ್ನಿಸಲು ತತ್ತ್ವಶಾಸ್ತ್ರದವರ ಬಳಿ ಹೋಗಿ ಎಂದರು. ಸಂಶಯದ ಲಾಭ ಆರೋಪಿಗೆ ಎಂಬುದು ಕೋರ್ಟಿನ ಮಾತು. ತಮ್ಮಲ್ಲಿ ಮಾತ್ರ ಸಂಶಯದ ಲಾಭವೆಲ್ಲ ಸಮಿತಿಗೆ.

ಇವತ್ತಿಗೆ ದತ್ತುವಿನ ಮನೆಯಲ್ಲಿ ಐವತ್ತೆಂಟು ಗುರುವಾರಗಳು ಹೀಗೆ ಕಳೆದಿವೆ. ಅವನ ಹೆಂಡತಿ ಅನುಸೂಯಾ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದಳಂತೆ, "ಗುರುವಾರ ಬಂತಂದ್ರ ನಮ್ಮ ಮನ್ಯಾಗ ಕುಕ್ಕರ್ ಬಿಟ್ರ ಯಾರೂ ಸೀಟಿ ಹಾಕಂಗಿಲ್ರಿ ಅಕ್ಕಾರ." ನಕ್ಕುಕೊಂಡೇ ಹೇಳಿದಳಂತೆ, ಆಮೇಲೆ ನಗಲಿಲ್ಲವಂತೆ.

ಹಾಗಾದರೆ ಈ ಹದಿನಾಲ್ಕು ತಿಂಗಳಲ್ಲಿ ತಾವು ಏನೂ ಮಾಡಲಿಲ್ಲವೇ? ಛೆ, ಹಾಗೆಂದರೆ ನನ್ನ ನಾಲಿಗೆ ಬಿದ್ದೀತು. ತಾವು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿರಿ: ಜನಾಂಗೀಯ ನಿಂದನೆಯನ್ನು ಸಂಘ ಎಳ್ಳಷ್ಟೂ ಸಹಿಸುವುದಿಲ್ಲ. ಅದೇ ಹೇಳಿಕೆಯ ಎರಡನೇ ಭಾಗದಲ್ಲಿ: ನಮ್ಮ ರೆಫರಿಗಳ ಮೇಲೆ ಆಧಾರವಿಲ್ಲದ ಆರೋಪಗಳನ್ನೂ ಸಂಘ ಎಳ್ಳಷ್ಟೂ ಸಹಿಸುವುದಿಲ್ಲ. ಹೀಗೆ ಎರಡು ಕಡೆಗೂ ಒಂದೊಂದು ಎಳ್ಳು ಹಂಚಿ, ಮಳೆಗಾಲದಲ್ಲಿ ಲೋಣಾವಳಾದ ರೆಸಾರ್ಟಿನಲ್ಲಿ "ಮೈದಾನದಲ್ಲಿ ಸಮಾನತೆ" ಎಂಬ ಎರಡು ದಿನಗಳ ಶಿಬಿರ ನಡೆಸಿದಿರಿ. ಗೋಲ್ ಪೋಸ್ಟಿಗಿಂತ ಅಗಲವಾದ ಬ್ಯಾನರ್ ಕಟ್ಟಿದ್ದರು. ಸದಸ್ಯರು ಕೈಕೈ ಹಿಡಿದು ಫೋಟೋ ತೆಗೆಸಿಕೊಂಡರು. ಎಲ್ಲರಿಗೂ ಒಂದೊಂದು ಡಬ್ಬಿ ಚಿಕ್ಕಿ. ಆ ಶಿಬಿರಕ್ಕೆ ಕಾರಣರಾದ ಇಬ್ಬರನ್ನು, ಅಂದರೆ ದೂರು ಕೊಟ್ಟವನನ್ನೂ ಅದನ್ನು ಬರೆದುಕೊಂಡವನನ್ನೂ, ಕರೆಯಲಿಲ್ಲ. ಮದುವೆಗೆ ಹೆಣ್ಣುಗಂಡು ಬಂದರೆ ಊಟದ ಪಂಕ್ತಿಯಲ್ಲಿ ಎರಡು ಎಲೆ ಜಾಸ್ತಿಯಾಗುತ್ತದೆ ಎಂಬ ಚಿಂತೆಯೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹಿರಿಯರು ಹೇಳಿದ್ದರು. ತಾವು ಅದನ್ನು ಸುಧಾರಿಸಿದ್ದೀರಿ: ಹಾವು ಇದೆಯೋ ಇಲ್ಲವೋ ಎಂದು ನೋಡಲೇಬಾರದು, ಕೋಲಿಗೆ ಬಣ್ಣ ಬಳಿದು ಮೂಲೆಯಲ್ಲಿಡಬೇಕು.

ತಾವು ಸುಮ್ಮನಿದ್ದ ಜಾಗವನ್ನು ಊರಿನವರು ತುಂಬಿಕೊಂಡರು. ಪಂದ್ಯವನ್ನು ಚಿತ್ರಿಸಿದ್ದು ಒಂದೇ ಕ್ಯಾಮೆರಾ, ಅದೂ ಎದುರು ಬದಿಯ ಸ್ಟ್ಯಾಂಡಿನ ನಡುಮಧ್ಯದಿಂದ. ಮೂವತ್ತೆಂಟನೇ ನಿಮಿಷದಲ್ಲಿ ಅದರಲ್ಲಿ ಕಾಣುವುದು ದತ್ತುವಿನ ಬೆನ್ನು. ಆ ಬೆನ್ನನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಅವನ ತುಟಿ ಏನೆಂದಿತು ಎಂದು ಓದಿದ ಮಹಾನುಭಾವರು ಮೊಬೈಲಿನಲ್ಲಿ ನೂರಾರು ಮಂದಿ. ಕ್ಲಬ್ಬಿನ ಅಭಿಮಾನಿಗಳು ದತ್ತುವನ್ನು ಜೈಲಿಗೆ ಹಾಕಿ ಎಂದರು. ನಮ್ಮವರು ಕಡಿಮೆಯೇ? ಆರೋಪ ಬಂದ ವಾರವೇ ದತ್ತುವಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡೋಣವೆಂದು ನಮ್ಮ ಕನ್ನಡ ಸಂಘದ ಉತ್ಸಾಹಿಗಳು ಹೊರಟರು. ಯಾವ ಸಾಧನೆಗಾಗಿ ಎಂದೆ. ಕನ್ನಡಿಗನ ಮೇಲೆ ಆರೋಪ ಬಂದದ್ದಕ್ಕಾಗಿ ಎಂದರು. ಇನ್ನೊಬ್ಬರು ಗಂಭೀರವಾಗಿ ವಾದಿಸಿದರು: ದತ್ತು ಕಪ್ಪಗಿದ್ದಾನೆ, ಕೂಲಿಯವರ ಮಗ, ಅವನಿಗೇ ಗ್ಯಾಲರಿಯಿಂದ ಎಷ್ಟೋ ಬಿರುದುಗಳು ಸಿಕ್ಕಿವೆ, ಅಂಥವನು ಇನ್ನೊಬ್ಬನಿಗೆ ಹಾಗೆ ಅನ್ನುತ್ತಾನೆಯೇ? ಪೆಟ್ಟು ತಿಂದವನು ಪೆಟ್ಟು ಕೊಡುವುದಿಲ್ಲ ಎಂಬುದು ಕೇಳಲು ಚೆಂದ. ಯಾವುದಾದರೂ ಅತ್ತೆ ಸೊಸೆ ಇರುವ ಮನೆಯಲ್ಲಿ ಎರಡು ದಿನ ಇದ್ದು ಬಂದು ಆಮೇಲೆ ಹೇಳಿ ಎಂದೆ.

ನಾನು ಯಾರ ಪರವಾಗಿಯೂ ಆಣೆ ಮಾಡುವುದಿಲ್ಲ. ಪಂದ್ಯದ ದಿನ ಪಶ್ಚಿಮದ ಸ್ಟ್ಯಾಂಡಿನ ಮೂರನೇ ಸಾಲಿನಲ್ಲಿ ನಾನಿದ್ದೆ. ಮೂವತ್ತೆಂಟನೇ ನಿಮಿಷದಲ್ಲಿ ನಾನು ಭೇಳ್ ಮಾರುವವನೊಂದಿಗೆ ಈರುಳ್ಳಿ ಯಾಕೆ ಕಡಿಮೆ ಎಂದು ಚರ್ಚಿಸುತ್ತಿದ್ದೆ. ಆದ್ದರಿಂದ ನನ್ನ ಸಾಕ್ಷ್ಯ ಈರುಳ್ಳಿಗೆ ಸೀಮಿತ.

ಆದರೂ ಇಂಥ ದೂರು ಬಂದಾಗ ಕುರ್ಚಿಯಲ್ಲಿ ಕೂತವನ ಮೈಯಲ್ಲಿ ಏನಾಗುತ್ತದೆಂದು ನನಗೆ ಸ್ವಂತ ಅನುಭವದಿಂದ ಗೊತ್ತು. ಮೂರು ವರ್ಷದ ಹಿಂದೆ ನಮ್ಮ ಹೋಟೆಲಿನಲ್ಲಿ ಮಣಿಪುರದ ನಾಲ್ಕು ಜನ ವಿದ್ಯಾರ್ಥಿನಿಯರು ಗಲ್ಲೆಯ ಮುಂದೆ ಬಂದು ನಿಂತರು. ನಾವು ಬಂದಾಗಲೆಲ್ಲ ನಿಮ್ಮ ಸಪ್ಲೈಯರ್ ನಮ್ಮನ್ನು ಹಿಂದುಗಡೆ ಕೈತೊಳೆಯುವ ಬೇಸಿನ್ ಪಕ್ಕದ ಮೇಜಿಗೇ ಕಳಿಸುತ್ತಾನೆ, ಯಾಕೆ ಎಂದು ಕೇಳಿದರು. ನಾನು ಕುರ್ಚಿಯಿಂದ ಏಳದೆ, ಕೈಯಲ್ಲಿದ್ದ ಪೆನ್ನನ್ನೂ ಕೆಳಗಿಡದೆ ಹೇಳಿದೆ: ನಮ್ಮ ಹೋಟೆಲಿನಲ್ಲಿ ಅಂಥದ್ದೆಲ್ಲ ಇಲ್ಲ. ತಮ್ಮ ಪತ್ರಿಕಾ ಹೇಳಿಕೆಯಷ್ಟೇ ಸುಂದರವಾದ ವಾಕ್ಯ. ಪಕ್ಕದಲ್ಲಿ ಹೂವು ಕಟ್ಟುತ್ತಾ ಕೂತಿದ್ದ ನನ್ನ ಹೆಂಡತಿ ಪ್ರೇಮಾವತಿ ತಲೆಯೆತ್ತದೆ ಅಂದಳು, "ಇಲ್ಲ ಅಂತ ನಿಮಗೆ ಹೇಗೆ ಗೊತ್ತು ಮಾರಾಯ್ರೆ? ನೀವು ಕುರ್ಚಿಯಿಂದ ಎದ್ದದ್ದೇ ಇಲ್ಲ ಅಲ್ವಾ?"

ಎದ್ದೆ. ಆ ಹುಡುಗಿಯರನ್ನು ಕೂರಿಸಿ ಯಾವ ದಿನ, ಎಷ್ಟು ಹೊತ್ತಿಗೆ, ಮುಂದಿನ ಮೇಜು ಖಾಲಿ ಇತ್ತೇ ಎಂದು ಕೇಳಿದೆ. ಆಮೇಲೆ ಸಪ್ಲೈಯರ್ ಮಾಂತುವನ್ನು ಕರೆದೆ. ನಲವತ್ತು ದಾಟಿದ, ದಪ್ಪ ಮೀಸೆಯ, ಇರುವೆಗೂ ದಾರಿಬಿಟ್ಟು ನಡೆಯುವ ಮನುಷ್ಯ. ಮುಂದಿನ ಮೇಜು ಸಂಸಾರಸ್ಥರಿಗೆ ಎಂದು ಮೊದಲು ಅಂದ. ಹಾಗಾದರೆ ನಿನ್ನೆ ಕಾಲೇಜಿನ ನಾಲ್ಕು ಗಂಡು ಹುಡುಗರನ್ನು ಅಲ್ಲಿ ಕೂರಿಸಿದೆಯಲ್ಲ, ಅವರಲ್ಲಿ ಯಾರ ಸಂಸಾರ ಯಾರು ಎಂದೆ. ಮಾಂತು ಹೆಗಲ ಮೇಲಿನ ಬಟ್ಟೆಯನ್ನು ಮಡಿಸಿದ, ಬಿಚ್ಚಿದ. ಕೊನೆಗೆ, "ಗೊತ್ತಿಲ್ರಿ ಅಣ್ಣಾರ," ಎಂದ. "ಕೈ ತಾನ ಆ ಕಡಿ ತೋರಸ್ತದ."

ಒಟ್ಟು ಇಪ್ಪತ್ತು ನಿಮಿಷ. ಹೋಟೆಲು ಕುಸಿದು ಬೀಳಲಿಲ್ಲ, ಮಾಂತುವಿನ ಮೀಸೆಯೂ ಉದುರಲಿಲ್ಲ. ಅವನು ಆ ಹುಡುಗಿಯರಿಗೆ ತಪ್ಪಾಯಿತು ಎಂದ, ಅವರು ಬೇಸಿನ್ ಪಕ್ಕದಿಂದ ಎದ್ದು ಮುಂದೆ ಬಂದು ಕೂತರು, ಇಂದಿಗೂ ಕೂರುತ್ತಾರೆ. ನಾನು ಅಂದು ಏಳದೇ ಇದ್ದಿದ್ದರೆ ನನ್ನ ಹೋಟೆಲಿನಲ್ಲಿ ಅಂಥದ್ದೆಲ್ಲ ಇಲ್ಲವೆಂದು ನಂಬಿಕೊಂಡೇ ಸಾಯುತ್ತಿದ್ದೆ. ಮಾಂತುವಿನ ಕೈಯಂತೆ ದತ್ತುವಿನ ಬಾಯಿಯೂ ತಾನಾಗಿ ಆ ಕಡೆ ಹೋಯಿತೇ? ಹೋಗಿರಬಹುದು. ಹೋಗದೇ ಇರಬಹುದು. ಕುರ್ಚಿಯಿಂದ ಏಳದೆ ಅದು ನನಗೂ ತಿಳಿಯುವುದಿಲ್ಲ, ತಮಗೂ ತಿಳಿಯುವುದಿಲ್ಲ.

ಹನ್ನೊಂದನೇ ನಂಬರಿನವನ ಗತಿಯೇನು ಸುಖವೇ? ಅವನು ತನ್ನ ಕೈಯಾರೆ ತಮಗೊಂದು ಪತ್ರ ಬರೆದ. ಕ್ಲಬ್ಬಿನ ಮೂಲಕ ಬರಲಿ ಎಂದು ಕಚೇರಿ ವಾಪಸು ಮಾಡಿತು. ಕ್ಲಬ್ಬಿನವರು, ಪ್ರಕರಣ ಈಗಾಗಲೇ ರೆಫರಿಯ ವರದಿಯಲ್ಲಿ ಇರುವುದರಿಂದ ನಮ್ಮ ಪತ್ರದ ಅಗತ್ಯವಿಲ್ಲ ಎಂದರು. ತನ್ನ ದೂರಿನ ಏಕೈಕ ದಾಖಲೆ ತಾನು ದೂರಿದವನ ಅಕ್ಷರದಲ್ಲಿದೆ ಎಂಬುದು ಅವನಿಗೆ ಆಗಲೇ ಗೊತ್ತಾದದ್ದು. ಆಮೇಲೆ ಸಹ ಆಟಗಾರರು ಅವನನ್ನು ತಮಾಷೆಗೆ ವಕೀಲಸಾಹೇಬ ಎಂದು ಕರೆಯಲಾರಂಭಿಸಿದರು. ಒಂದು ಬೆಳಿಗ್ಗೆ ನನ್ನ ಗಲ್ಲೆಯ ಮುಂದೆ ನಿಂತು, ಪುಣೆಯಲ್ಲಿ ಕಲಿತ ಹಿಂದಿಯಲ್ಲಿ ಅವನು ಅಂದದ್ದು ಇಷ್ಟು: "ಅಂಕಲ್, ನಾನು ಸುಳ್ಳು ಹೇಳಿದ್ದೇನೆ ಅಂತಲಾದರೂ ಬರೆದು ಕೊಡಲಿ. ಬರೆದು ಕೊಟ್ಟರೆ ಅದರ ಮೇಲೆ ಜಗಳ ಆಡಬಹುದು."

ಈ ಪ್ರಕರಣದಲ್ಲಿ ತಮ್ಮ ಸಮಿತಿ ಹೊರಡಿಸಿದ ಆದೇಶ ಒಂದೇ ಒಂದು. ಪರಿಶೀಲನೆ ಮುಗಿಯುವ ತನಕ ಎರಡೂ ಕಡೆಯವರು ಪರಸ್ಪರ ಸಂಪರ್ಕಿಸಕೂಡದು. ದತ್ತು ಆದೇಶ ಪಾಲಿಸುವುದರಲ್ಲಿ ಹೇಗೆಂದು ತಮಗೆ ಈಗಾಗಲೇ ಗೊತ್ತು. ಕಳೆದ ತಿಂಗಳು ಅವನು ನಮ್ಮಲ್ಲಿ ಚಹಾ ಕುಡಿಯುತ್ತಿದ್ದಾಗ ಹನ್ನೊಂದನೇ ನಂಬರಿನವನು ಒಳಗೆ ಬಂದ. ದತ್ತು ಅರ್ಧ ಲೋಟ ಚಹಾ ಮೇಜಿನ ಮೇಲೆಯೇ ಬಿಟ್ಟು ಎದ್ದುಹೋಗಿ ಹೊರಗೆ ಫುಟ್‌ಪಾತಿನಲ್ಲಿ ನಿಂತ. ಆ ಆಟಗಾರ ಬಾಗಿಲ ಕಡೆ ನೋಡಿದ, ಲೋಟದ ಕಡೆ ನೋಡಿದ, ಮಾಂತುವನ್ನು ಕರೆದ. ಅವರಿಗೆ ಒಳಗೆ ಬಂದು ಚಹಾ ಕುಡಿಯಲು ಹೇಳು ಎಂದ. ಮಾಂತು ಎರಡು ಹೆಜ್ಜೆ ಹೋಗಿದ್ದ, ಮತ್ತೆ ಕರೆದ. ಇದನ್ನೂ ಹೇಳು: ನಾನು ನನ್ನ ಮಾತನ್ನು ವಾಪಸು ತೆಗೆದುಕೊಂಡಿಲ್ಲ. ಮಾಂತು ಎರಡನ್ನೂ ಹೊರಗೆ ಒಯ್ದು ಮುಟ್ಟಿಸಿದ. ದತ್ತು ತಲೆಯಾಡಿಸಿದ, ಒಳಗೆ ಬರಲಿಲ್ಲ. ಸಪ್ಲೈಯರ್ ಮೂಲಕ ನಡೆದದ್ದು ಸಂಪರ್ಕದ ವ್ಯಾಖ್ಯೆಯಲ್ಲಿ ಬರುತ್ತದೆಯೇ ಎಂಬ ಬಗ್ಗೆ ತಾವು ಬೇಕಿದ್ದರೆ ಇನ್ನೊಂದು ಶಿಬಿರ ನಡೆಸಬಹುದು.

ತಾವು ಕೇಳದ ಮೂರನೆಯವನು ಸ್ವಪ್ನಿಲ್. ಅಂದು ಆ ಬದಿಯ ಗೆರೆಯ ಮೇಲೆ ಬಾವುಟ ಹಿಡಿದು ನಿಂತಿದ್ದ ಸಹಾಯಕ ರೆಫರಿ. ದತ್ತುವಿನಿಂದ ಹತ್ತು ಹೆಜ್ಜೆ ದೂರ. ವೃತ್ತಿಪರ ಪಂದ್ಯಗಳಲ್ಲಿ ರೆಫರಿಗೂ ಸಹಾಯಕರಿಗೂ ಕಿವಿಯಲ್ಲಿ ಹೆಡ್‌ಸೆಟ್ ಇರುತ್ತದೆ, ಬಾಯಿಯ ಹತ್ತಿರ ಮೈಕು. ಅದು ರೆಕಾರ್ಡ್ ಆಗುವುದಿಲ್ಲ. ಆದರೆ ರೆಫರಿ ಸೀನಿದರೂ ಸಹಾಯಕನ ಕಿವಿಗೆ ಬೀಳುತ್ತದೆ. ಆಚೆ ಬದಿಯ ಸಹಾಯಕನ ಹೆಡ್‌ಸೆಟ್ ಅಂದು ತಮ್ಮ ಲಿಫ್ಟಿನಂತೆಯೇ ಕೆಟ್ಟಿತ್ತು. ದತ್ತು ಅಂದನೋ ಇಲ್ಲವೋ ಎಂಬುದು ಅವರಿಬ್ಬರನ್ನು ಬಿಟ್ಟು ಈ ಭೂಮಿಯ ಮೇಲೆ ಗೊತ್ತಿರಬಹುದಾದ ಮನುಷ್ಯ ಸ್ವಪ್ನಿಲ್. ಪಂದ್ಯದ ಸಂಗತಿಯನ್ನು ಸಮಿತಿಗೆ ಬಿಟ್ಟು ಬೇರೆ ಯಾರಿಗೂ ಹೇಳಕೂಡದು ಎಂಬುದು ಅವರ ಕಟ್ಟುಪಾಡು. ನಾನು ಬಿಡುವವನೇ? ಕರೆದು ಕೂರಿಸಿ ಗೋಳಿಬಜೆ ಕೊಟ್ಟೆ, ಬನ್ಸ್ ಕೊಟ್ಟೆ, ಪ್ರೇಮಾವತಿ ಮನೆಯಲ್ಲಿ ಮಾಡಿದ ಪತ್ರೊಡೆಯನ್ನೂ ತರಿಸಿದೆ. ಎಲ್ಲವನ್ನೂ ತಿಂದ. ಕೈ ತೊಳೆದು ಬಂದು, ಸಮಿತಿಯಿಂದ ಪತ್ರ ಬಂದ ದಿನ ಎಲ್ಲವನ್ನೂ ಹೇಳುತ್ತೇನೆ ಕಾಕಾ ಎಂದ. ಹದಿನಾಲ್ಕು ತಿಂಗಳಿಂದ ಅವನು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಬಾವುಟ ಬೀಸುತ್ತಿದ್ದಾನೆ, ಏಕೆಂದರೆ ಪಟ್ಟಿಯಲ್ಲಿ ಅವನ ಹೆಸರು ಬರುತ್ತದೆ. ತಾವು ಕೇಳಿಲ್ಲ. ಕೇಳಿದರೆ ಅವನು ಹೇಳಿಬಿಡುತ್ತಾನೆ ಎಂಬ ಭಯವೇ?

ಸ್ವಪ್ನಿಲ್ ನಿನಗೆ ವಿರುದ್ಧವಾಗಿ ಹೇಳಿದರೆ ಏನು ಮಾಡುತ್ತೀ ಎಂದು ದತ್ತುವನ್ನು ನಾನು ಕೇಳಿದೆ.

"ಹೇಳ್ಲಿ ಬಿಡ್ರಿ. ನಾ ಅಂದಿಲ್ಲ ಅಂತ ನನಗ ಗೊತ್ತದ. ಆದ್ರ ಮೊದ್ಲ ಅಂವನ್ನ ಕೇಳ್ಲಿ. ಯಾರೂ ಕೇಳ್ದಂಗ ನಾ ಛಲೋ ಮನಷ್ಯಾ ಆದ್ರೂ ಉಪಯೋಗಿಲ್ಲ, ಕೆಟ್ಟಂವ ಆದ್ರೂ ಉಪಯೋಗಿಲ್ಲ."

ಈಗ ತುರ್ತಿನ ಮಾತು. ರಾಷ್ಟ್ರಮಟ್ಟದ ರೆಫರಿಗಳ ಪರೀಕ್ಷೆಗೆ ಅರ್ಜಿ ಹಾಕಲು ಈ ತಿಂಗಳ ಮೂವತ್ತು ಕೊನೆಯ ದಿನ. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ. ದತ್ತುವಿಗೆ ಈಗ ಮೂವತ್ನಾಲ್ಕು ನಡೆಯುತ್ತಿದೆ, ಮುಂದಿನ ಸಲ ಅರ್ಜಿ ಕರೆಯುವುದು ಎರಡು ವರ್ಷದ ಮೇಲೆ. ಅರ್ಜಿಯ ಜೊತೆ, ಇವನ ಮೇಲೆ ಯಾವ ವಿಚಾರಣೆಯೂ ಬಾಕಿಯಿಲ್ಲ ಎಂದು ತಮ್ಮ ಸಮಿತಿಯ ಪತ್ರ ಬೇಕು. ವಿಚಾರಣೆ ಶುರುವಾಗಿಲ್ಲ, ಆದ್ದರಿಂದ ಮುಗಿದಿಲ್ಲ, ಆದ್ದರಿಂದ ಬಾಕಿಯಿದೆ ಎಂದು ಶರ್ವರಿತಾಯಿ ಬೇಸರದಿಂದಲೇ ವಿವರಿಸಿದರು. ಹನ್ನೊಂದನೇ ನಂಬರಿನವನ ಕರಾರು ಕೂಡ ಇದೇ ಮೂವತ್ತಕ್ಕೆ ಮುಗಿಯುತ್ತದೆ. ಅವನು ಬೇರೆ ರಾಜ್ಯದ ಕ್ಲಬ್ಬಿಗೆ ಹೋಗುತ್ತಿದ್ದಾನೆ. ಮೂವತ್ತೊಂದರಂದು ತಮ್ಮ ಕಡತದಲ್ಲಿ "ದೂರುದಾರರು ಲಭ್ಯರಿಲ್ಲ" ಎಂದು ಬರೆದು ದಾರ ಕಟ್ಟುವುದು ಎಷ್ಟು ಸಲೀಸು! ಆ ದಾರದ ಗಂಟಿನೊಳಗೆ ಒಬ್ಬನ ಮೇಲಿನ ಕಳಂಕವೂ ಇನ್ನೊಬ್ಬನಿಗಾದ ಅವಮಾನವೂ ಒಟ್ಟಿಗೆ ಕೂತು ಕೊಳೆಯುತ್ತವೆ. ನಾಳೆ ಯಾವ ಆಟಗಾರ ದೂರು ಕೊಡಲು ಬಾಯಿ ತೆಗೆಯುತ್ತಾನೆ? ಅದಕ್ಕಿಂತ, ಇನ್ನು ಯಾವ ರೆಫರಿ ತನ್ನ ಮೇಲಿನ ದೂರನ್ನು ಬರೆದುಕೊಳ್ಳುತ್ತಾನೆ?

ದತ್ತುವಿನ ಹೆಸರನ್ನು ಮುಂದಿನ ಗುರುವಾರದ ಪಟ್ಟಿಯಲ್ಲಿ ಹಾಕಿ ಎಂದು ನಾನು ಕೇಳುತ್ತಿಲ್ಲ. ಅವನು ನಿರಪರಾಧಿ ಎಂದು ಬರೆಯಿರಿ ಎಂದೂ ಕೇಳುತ್ತಿಲ್ಲ. ಮೂವತ್ತರ ಒಳಗೆ ಒಂದು ದಿನ ಗೊತ್ತುಮಾಡಿ, ದತ್ತುವನ್ನೂ ಹನ್ನೊಂದನೇ ನಂಬರಿನವನನ್ನೂ ಸ್ವಪ್ನಿಲನನ್ನೂ ಕರೆದು ಕೇಳಿ. ಅಂದಿದ್ದಾನೆ ಎಂದು ಸಾಬೀತಾದರೆ ಹಾಗೆ ಬರೆಯಿರಿ, ದತ್ತು ಸೀಟಿಯನ್ನು ತಮ್ಮ ಮೇಜಿನ ಮೇಲಿಟ್ಟು ಹೋಗುತ್ತಾನೆ. ಅಂದಿಲ್ಲ ಎಂದಾದರೆ ಹಾಗೆ ಬರೆಯಿರಿ. ಎಷ್ಟು ಕೇಳಿದರೂ ತಿಳಿಯಲಿಲ್ಲ ಎಂದಾದರೆ, ಕೇಳಿದೆವು, ತಿಳಿಯಲಿಲ್ಲ ಎಂದು ಬರೆದು ಇಬ್ಬರಿಗೂ ಒಂದೊಂದು ಪ್ರತಿ ಕೊಡಿ. ತಿಳಿಯಲಿಲ್ಲ ಎಂದು ಬರೆಯುವುದಕ್ಕೂ ಮೊದಲು ಕೇಳಿರಬೇಕು ಎಂಬುದೊಂದೇ ಷರತ್ತು. ಅನುಕೂಲಕ್ಕಾಗಿ ಮೂರು ಲಕೋಟೆಗಳನ್ನು ಶರ್ವರಿತಾಯಿಯವರ ಕೈಗೆ ಕೊಟ್ಟು ಬಂದಿದ್ದೇನೆ. ಮೂವರ ವಿಳಾಸ ಬರೆದಿದೆ, ಅಂಚೆಚೀಟಿ ಹಚ್ಚಿದೆ. ತಾವು ಒಳಗೆ ಒಂದೊಂದು ಕಾಗದ ಹಾಕಿದರೆ ಸಾಕು. ಅಂಟಿಸುವ ಶ್ರಮ ಹೆಚ್ಚೆನಿಸಿದರೆ ಹಾಗೆಯೇ ಬಿಡಿ, ಮಾಂತುವನ್ನು ಕಳಿಸುತ್ತೇನೆ.

ಇನ್ನು ಅಧ್ಯಕ್ಷರು ಒಂದು ಕ್ಷಣ ಆಚೆ ಕೂರಲಿ, ನಮ್ಮ ಓದುಗರೊಂದಿಗೆ ಎರಡು ಮಾತು. ಆ ಭಾನುವಾರ ನಮ್ಮ ದತ್ತು ದೊಡ್ಡ ಪಂದ್ಯ ಆಡಿಸುವುದನ್ನು ನೋಡಲೆಂದು ನಮ್ಮ ಕನ್ನಡ ಸಂಘದಿಂದ ನಲವತ್ತು ಜನ ಪಾಸು ತೆಗೆದುಕೊಂಡು ಬಂದಿದ್ದಿರಿ. ಅವನು ನಮ್ಮ ಮೂಲೆಗೆ ಬಂದಾಗಲೆಲ್ಲ ಎಲ್ಲರ ಮೊಬೈಲೂ ಮೇಲೆದ್ದಿದ್ದವು. ನಾನು ಭೇಳ್ ಹಿಡಿದಿದ್ದರೂ ಅಷ್ಟು ಕಂಡಿದ್ದೇನೆ. ನಡುಮಧ್ಯದ ಕ್ಯಾಮೆರಾಕ್ಕೆ ಕಂಡದ್ದು ಅವನ ಬೆನ್ನು, ಹಾಗಾದರೆ ಮುಖ ಇದ್ದದ್ದು ನಮ್ಮ ಕಡೆಗೆ. ಹದಿನಾಲ್ಕು ತಿಂಗಳಿಂದ ಒಬ್ಬರೂ ಒಂದು ವಿಡಿಯೋ ತಂದುಕೊಟ್ಟಿಲ್ಲ. ಫೋನಿನಲ್ಲಿ ಜಾಗವಿಲ್ಲದೆ ಅಳಿಸಿದಿರೋ, ನೋಡಿ ಸುಮ್ಮನಾದಿರೋ, ನೋಡಲು ಹೆದರಿದಿರೋ, ನಾನು ಕೇಳುವುದಿಲ್ಲ. ಇವತ್ತು ಸಂಜೆ ಮಗುವಿನ ಹುಟ್ಟುಹಬ್ಬದ ಫೋಟೋಗಳ ಹಿಂದೆ, ಕಳೆದ ವರ್ಷದ ಮಾರ್ಚಿಯ ತನಕ ಬೆರಳಿನಿಂದ ಸರಿಸಿ ಒಮ್ಮೆ ನೋಡಿ. ಸಿಕ್ಕಿದರೆ, ಅದು ದತ್ತುವಿನ ಪರವಾಗಿದ್ದರೂ ವಿರುದ್ಧವಾಗಿದ್ದರೂ, ಒಂದು ಸೆಕೆಂಡನ್ನೂ ಕತ್ತರಿಸದೆ ಹೋಟೆಲಿನ ನಂಬರಿಗೆ ಕಳಿಸಿಕೊಡಿ.

ಇಂತಿ,
ತಮ್ಮ ಪರಿಶೀಲನೆಯ ಮೇಲಿನ ಭರವಸೆಯನ್ನೂ ಮೂರು ಅಂಚೆಚೀಟಿಗಳನ್ನೂ ಬಹುತೇಕ ಕಳೆದುಕೊಂಡ,
ಸಂಕಪ್ಪ
ಶಿವಾಜಿನಗರ, ಪುಣೆ